ಬದುಕಿದ್ದ ಅಜ್ಜಿಯ ಸಾವಿನ ಕಥೆ

ಸಂಜೆ ಅಪ್ಪ ಅಂಗಡಿ ಮುಚ್ಚಿ ಬಂದು ಮುಖ ತೊಳೆದುಕೊಂಡರೆ ಸಾಕು, ಆ ಮನೆಯಲ್ಲಿ ಅಜ್ಜಿ ಸಾಯುವ ಹೊತ್ತಾಗುತ್ತಿತ್ತು.

ನಡುಮನೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ, ನಡುವೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಹುಡುಗಿಯನ್ನು ಕೂರಿಸುತ್ತಿದ್ದರು. ಎದುರಿಗೆ ಅಪ್ಪ, ಅಮ್ಮ, ದೊಡ್ಡಪ್ಪ ಸಾಲಾಗಿ ಕೂತು ಮೆಡಿಕಲ್ ಕಾಲೇಜಿನ ಸಂದರ್ಶನ ಮಂಡಳಿಯಾಗುತ್ತಿದ್ದರು. ಅಜ್ಜಿ ಮಾತ್ರ ಕಿಟಕಿ ಪಕ್ಕದ ತನ್ನ ಮಂಚದಲ್ಲೇ ಕಾಲು ಚಾಚಿ, ತಾನು ಸಾಯುವುದನ್ನು ನೋಡಲು ಕನ್ನಡಕ ಏರಿಸಿಕೊಳ್ಳುತ್ತಿದ್ದಳು.

"ಹೇಳಮ್ಮ ಡಾಕ್ಟರಮ್ಮ, ನೀನ್ಯಾಕೆ ಡಾಕ್ಟರ್ ಆಗ್ಬೇಕು?" ದೊಡ್ಡಪ್ಪ ದನಿ ದಪ್ಪ ಮಾಡಿಕೊಂಡು ಕೇಳುತ್ತಿದ್ದ. ತೊಟ್ಟಿಲಲ್ಲಿದ್ದಾಗಿನಿಂದಲೂ ಮನೆಯವರು ಅವಳನ್ನು ಕರೆಯುತ್ತಿದ್ದುದೇ ಹಾಗೆ.

"ನನ್ನ ಅಜ್ಜಿ ಜ್ವರದಲ್ಲಿ ನರಳಿ ನರಳಿ ತೀರಿಕೊಂಡರು. ಹತ್ತಿರದಲ್ಲೆಲ್ಲೂ ಒಬ್ಬ ಡಾಕ್ಟರ್ ಇರಲಿಲ್ಲ. ನಾನು ಅವರ ಕೈ ಹಿಡಿದುಕೊಂಡಿದ್ದೆ. ಆ ಕೈ ತಣ್ಣಗಾದಾಗ ನಾನು ನಿರ್ಧಾರ ಮಾಡಿದೆ..."

"ಅಲ್ಲಿ ಸ್ವಲ್ಪ ತಡಿಯೇ," ಎಂದು ಅಜ್ಜಿ ಮಂಚದಿಂದಲೇ ತಿದ್ದುತ್ತಿದ್ದಳು. "ಕೈ ತಣ್ಣಗಾಯ್ತು ಅಂದ್ಮೇಲೆ ಒಂದು ಉಸಿರು ಎಳ್ಕೋ. ಒಂದೇ ಸಮ ಹೇಳ್ಬಿಟ್ರೆ ನಾನು ಬಸ್ಸು ಹತ್ತಿ ಹೋದಂಗಿರುತ್ತೆ, ಸತ್ತಂಗಿರಲ್ಲ."

ಎಲ್ಲರೂ ನಗುತ್ತಿದ್ದರು, ಹುಡುಗಿಯೂ ನಗುತ್ತಿದ್ದಳು. ಅಜ್ಜಿಗಂತೂ ತನ್ನ ಸಾವಿನಲ್ಲಿ ಇಷ್ಟು ಜನ ಆಸಕ್ತಿ ತೋರಿಸುತ್ತಿರುವುದು ಒಳಗೊಳಗೇ ಖುಷಿ ಕೊಟ್ಟಿತ್ತು. ಉಳಿದ ಹೊತ್ತಿನಲ್ಲಿ ಅವಳನ್ನು ಕೇಳುವವರು ಯಾರಿದ್ದರು?

ಓದುತ್ತಿರುವ ನಿಮಗೂ ನಗು ಬಂದಿರಬಹುದು. ತಪ್ಪೇನಿಲ್ಲ. ಎಷ್ಟೋ ಮನೆಗಳಲ್ಲಿ ಇಂಥ ಪದ್ಧತಿಗಳು ನಗುನಗುತ್ತಲೇ ಬೇರು ಬಿಡುತ್ತವೆ. ಈ ಮನೆತನದಲ್ಲಿ ಡಾಕ್ಟರ್ ಓದಲು ಹೊರಟವರು ಮೊದಲು ಮನೆಯ ಹಿರಿಯರೊಬ್ಬರನ್ನು ಮಾತಿನಲ್ಲಿ ಸಾಯಿಸಬೇಕಿತ್ತು. ದೊಡ್ಡಪ್ಪ ತನ್ನ ಕಾಲದಲ್ಲಿ ತಾತನನ್ನು ಉಬ್ಬಸದಿಂದ ಸಾಯಿಸಿ ಸೀಟು ಗಿಟ್ಟಿಸಿಕೊಂಡಿದ್ದ. ಮೊಮ್ಮಗ ಡಾಕ್ಟರಾಗಿ ಮನೆಗೆ ಬಂದ ದಿನ ಆ ತಾತ ಕೇಳಿ ಕೇಳಿ ಬಡಿಸಿಕೊಂಡು ಉಂಡಿದ್ದನಂತೆ. ಅಪ್ಪನೂ ಆಮೇಲೆ ಒಬ್ಬ ಚಿಕ್ಕಮ್ಮನನ್ನು ಸಾಯಿಸಿ ನೋಡಿದ. ಮಂಡಳಿಯವರ ಮನಸ್ಸು ಕರಗಲಿಲ್ಲ, ಚಿಕ್ಕಮ್ಮ ದಂಡಕ್ಕೆ ಸತ್ತಂತಾಯಿತು. ಅಪ್ಪ ನಲ್ಲಿ, ಪೈಪುಗಳ ಅಂಗಡಿ ಇಟ್ಟ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ಬಂಧುಗಳ ಮದುವೆಗಳಲ್ಲಿ ಅಣ್ಣ ಒಳಗೆ ಬಂದರೆ ಜನ ಎದ್ದು ನಿಲ್ಲುತ್ತಿದ್ದುದೂ, ತಾನು ಬಂದರೆ ಸೋರುವ ನಲ್ಲಿಯ ವಿಚಾರ ಕೇಳುತ್ತಿದ್ದುದೂ ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆ ಮುಳ್ಳನ್ನು ಮಗಳ ಕೈಯಿಂದ ತೆಗೆಸಿಕೊಳ್ಳಬೇಕೆಂದು ಅವನು ಹಟ ಹಿಡಿದಿದ್ದ.

ದೊಡ್ಡಪ್ಪನ ಲೆಕ್ಕಾಚಾರವೇ ಬೇರೆ. ಅವನಿಗೆ ಮಕ್ಕಳಿರಲಿಲ್ಲ, ಮೂರು ಮಹಡಿಯ ಕ್ಲಿನಿಕ್ ಇತ್ತು.

"ಸೇವೆ ಅನ್ನೋದನ್ನ ಬಾಯಲ್ಲಿ ಇಟ್ಕೋ, ನನ್ನ ಕ್ಲಿನಿಕ್ಕನ್ನ ತಲೇಲಿ ಇಟ್ಕೋ," ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. "ನನ್ನ ಕುರ್ಚೀಲಿ ಹೊರಗಿನವರು ಬಂದು ಕೂರೋದು ನನಗಿಷ್ಟ ಇಲ್ಲ. ಮತ್ತೆ, ಮನೇಲಿ ಡಾಕ್ಟರ್ ಇದಾರೆ ಅಂತ ಅಲ್ಲಿ ಬಾಯಿ ಬಿಡ್ಬೇಡ. ಡಾಕ್ಟರ್ ಸಿಗದೆ ತಾನೇ ಅಜ್ಜಿ ಸತ್ತಿದ್ದು?"

ಹುಡುಗಿಯೇನು ಇದಕ್ಕೆಲ್ಲ ಹೊರತಾಗಿರಲಿಲ್ಲ. ಅವಳಿಗೆ ಓದು ಚೆನ್ನಾಗಿ ಬರುತ್ತಿತ್ತು. ಬಿಳಿ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ ತನ್ನನ್ನು ಎಷ್ಟೋ ಸಲ ಊಹಿಸಿಕೊಂಡಿದ್ದಳು. ಆ ಚಿತ್ರದಲ್ಲಿ ಕೋಟು ಇತ್ತು, ಕುತ್ತಿಗೆಗೆ ಸ್ಟೆತಾಸ್ಕೋಪ್ ಇತ್ತು, ಎದ್ದು ನಿಲ್ಲುವ ಜನ ಇದ್ದರು. ರೋಗಿ ಮಾತ್ರ ಯಾವತ್ತೂ ಇರಲಿಲ್ಲ, ಇಲ್ಲವೆಂಬುದು ಅವಳ ಗಮನಕ್ಕೂ ಬಂದಿರಲಿಲ್ಲ.

ಸಂದರ್ಶನ ಹತ್ತಿರವಾಗುತ್ತಿದ್ದಾಗ ಮನೆಯಲ್ಲಿ ಒಂದು ಕೆಟ್ಟ ವಾಸನೆ ಶುರುವಾಯಿತು. ಅಮ್ಮ ಬಚ್ಚಲು ತೊಳೆದಳು, ಅಲಮಾರಿಯ ಹಿಂದೆ ಇಲಿ ಸತ್ತಿದೆಯೇನೋ ಎಂದು ಹುಡುಕಿದಳು. ಒಂದು ಮಧ್ಯಾಹ್ನ ಹುಡುಗಿ ಕಿಟಕಿ ಹತ್ತಿರ ಕೂತು ಓದುತ್ತಿದ್ದಾಗ ವಾಸನೆ ಮಂಚದ ಕಡೆಯಿಂದಲೇ ಬರುತ್ತಿದೆ ಅನ್ನಿಸಿತು. ಅಜ್ಜಿ ಸೆಕೆಯಲ್ಲೂ ಕಾಲುಚೀಲ ಹಾಕಿಕೊಂಡಿದ್ದಳು.

"ಅಜ್ಜಿ, ಕಾಲು ತೋರ್ಸು."

"ನನ್ನ ಕಾಲಲ್ಲಿ ಏನಿದೆ ನೋಡೋಕೆ? ನಿನ್ನ ಪಾಠ ನೋಡ್ಕೋ ಹೋಗು."

ಹುಡುಗಿ ಬಿಡಲಿಲ್ಲ, ಚೀಲ ಎಳೆದಳು. ಹೆಬ್ಬೆರಳು ಕಪ್ಪಾಗಿತ್ತು. ಪಕ್ಕದ ಬೆರಳಿನ ಸಂದಿಯಲ್ಲಿ ಕೀವು ಒಸರುತ್ತಿತ್ತು. 

"ಅಯ್ಯೋ, ಇದೇನಜ್ಜಿ! ಯಾವಾಗಿಂದ?"

"ಉಗುರು ತೆಗೀವಾಗ ಒಂಚೂರು ತಾಗ್ತು. ನೋವೇ ಇಲ್ಲ ಕಣೇ, ನಿಜವಾಗ್ಲೂ. ಸಕ್ಕರೆ ಕಾಯಿಲೆ ಇರೋವ್ರಿಗೆ ಗಾಯ ಮಾಗೋದು ನಿಧಾನ ಅಂತ ನಿಮ್ಮ ದೊಡ್ಡಪ್ಪನೇ ಹೇಳಿದಾನೆ. ನಿನ್ನ ಸಂದರ್ಶನ ಮುಗೀಲಿ ಅಂತ ಸುಮ್ನಿದ್ದೆ. ಈಗ ಗಲಾಟೆ ಮಾಡ್ಬೇಡ."

ಆ ಸಂಜೆ ನಡುಮನೆಯಲ್ಲಿ ಅಜ್ಜಿ ಸಾಯಲಿಲ್ಲ. ಹುಡುಗಿ ಸ್ಟೂಲಿನ ಮೇಲೆ ಕೂರದೆ ನಿಂತೇ ಹೇಳಿದಳು.

"ಅಜ್ಜಿ ಕಾಲು ಕೊಳೀತಾ ಇದೆ. ನಾಳೆ ಬೆಳಿಗ್ಗೆ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ."

ಅಪ್ಪ ಅಣ್ಣನ ಮುಖ ನೋಡಿದ. ಕೂತಲ್ಲಿಂದಲೇ ದೊಡ್ಡಪ್ಪ ಮಂಚದ ಕಡೆ ಒಮ್ಮೆ ಕಣ್ಣು ಹಾಯಿಸಿ, "ಮಾತ್ರೆ ಬರ್ಕೊಡ್ತೀನಿ, ಒಣಗುತ್ತೆ," ಎಂದ.

"ದೊಡ್ಡಪ್ಪ, ನೀವು ಒಂದ್ಸಲ ಬಿಚ್ಚಿ ನೋಡಿ."

"ನೋಡೋದೇನಿದೆ? ದಿನಾ ಇಂಥ ಕಾಲುಗಳನ್ನ ನೋಡ್ತಾನೇ ಇರ್ತೀನಿ."

"ಹಾಗಾದ್ರೆ ಆಸ್ಪತ್ರೆಗೆ ಹೋದ್ರೆ ಏನು ತಪ್ಪು?"

ದೊಡ್ಡಪ್ಪ ನಿಟ್ಟುಸಿರು ಬಿಟ್ಟು, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. "ನಿನಗೆ ಸೀಟು ಬೇಕಾಗಿರೋದು ಆ ಕಾಲೇಜಲ್ಲಿ. ಅದೇ ಆಸ್ಪತ್ರೇಲಿ ರೋಗಿ ನೋಡೋರೇ ಮೇಲಿನ ಮಹಡೀಲಿ ನಿನ್ನನ್ನ ಪ್ರಶ್ನೆ ಕೇಳೋರು. ಅರ್ಜೀಲಿ ಅಜ್ಜಿ ಸತ್ತಿದಾಳೆ ಅಂತ ಬರೆದಿದೀವಿ. ಸತ್ತ ಅಜ್ಜೀನ ತಳ್ಳೋ ಕುರ್ಚೀಲಿ ಕೂರಿಸ್ಕೊಂಡು ಅವರ ಮುಂದೇನೇ ಹೋಗ್ತೀಯಾ?"

"ನಿಮ್ಮ ಕ್ಲಿನಿಕ್ಕಿಗಾದ್ರೂ ಸೇರಿಸ್ಕೊಳ್ಳಿ."

"ಅಲ್ಲಿ ಆಪರೇಷನ್ ಥಿಯೇಟರ್ ಎಲ್ಲಿದೆ? ಇರೋದು ಸ್ಕ್ಯಾನಿಂಗ್, ರಕ್ತ ಪರೀಕ್ಷೆ. ಸಂದರ್ಶನ ಆಗ್ಲಿ, ಆಮೇಲೆ ನಾನೇ ಒಳ್ಳೆ ಡಾಕ್ಟರ್ ಹತ್ರ ತೋರಿಸ್ತೀನಿ. ಅವಳು ನನ್ನ ತಾಯಿ. ನನಗಿಲ್ವಾ ಕಾಳಜಿ?"

"ಇನ್ನೇನು ಬಂದೇ ಬಿಡ್ತಲ್ಲ ಸಂದರ್ಶನ," ಎಂದು ಅಪ್ಪ ದನಿಗೂಡಿಸಿದ. "ಇಷ್ಟು ವರ್ಷ ಕಷ್ಟಪಟ್ಟಿದ್ದು ನೀರಲ್ಲಿ ಹೋಮ ಮಾಡಿದಂಗೆ ಆಗ್ಬಾರ್ದು."

 ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳು. "ಎರಡು ದಿನ ತಡೆದ್ರೆ ನನ್ನ ಕಾಲೇನು ಓಡಿ ಹೋಗುತ್ತಾ? ಕೂತ್ಕೋ ಡಾಕ್ಟರಮ್ಮ. ಸಾಯಿಸು ನನ್ನ."

ಹುಡುಗಿ ಕೂತಳು. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡಲಾರೆ. ಕಾಲನ್ನು ಕಣ್ಣಾರೆ ನೋಡಿದ ಮೇಲೂ ಅವಳು ಕೂತಳು, ಕಥೆ ಹೇಳಿದಳು, ಕೈ ತಣ್ಣಗಾಯಿತು ಎಂದ ಮೇಲೆ ಒಂದು ಉಸಿರು ಎಳೆದುಕೊಂಡಳು. ಬಿಳಿ ಕೋಟಿನ ಆಸೆ ಅಷ್ಟು ಬಲವಾಗಿತ್ತು.

ಸಂದರ್ಶನದ ದಿನ ಬೆಳಿಗ್ಗೆ ಅಜ್ಜಿ ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಪಾದದ ಕೆಂಪು ಮೊಣಕಾಲಿನತ್ತ ಏರಿತ್ತು. ದೊಡ್ಡಪ್ಪ ಆಗಲೇ ಕ್ಲಿನಿಕ್ಕಿಗೆ ಹೋಗಿದ್ದ. ಹುಡುಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೇಳಿ ಹೋಗಲು ಬಂದರೆ, ಅಜ್ಜಿ ಅವಳ ಗುರುತೇ ಹಿಡಿಯದೆ, "ಯಾರಮ್ಮ ನೀವು? ಮನೇಲಿ ಯಾರೂ ಇಲ್ಲ," ಎಂದಳು.

ಹುಡುಗಿ ಮಂಚದ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡಳು. ತಿಂಗಳುಗಟ್ಟಲೆ ಬರೀ ಬಾಯಿಮಾತಲ್ಲಿ ಹಿಡಿದಿದ್ದ ಕೈಯನ್ನು ನಿಜವಾಗಿ ಹಿಡಿದದ್ದು ಅದೇ ಮೊದಲು. ಕಥೆಯಲ್ಲಿ ಅಜ್ಜಿ ಸಾಯಲು ಏನೇನು ಆಗಬೇಕಿತ್ತೋ ಅದೆಲ್ಲ ಈಗ ಮನೆಯಲ್ಲೇ ಆಗುತ್ತಿತ್ತು. ಅಜ್ಜಿಗೆ ಜ್ವರವಿತ್ತು, ಮೊಮ್ಮಗಳು ಕೈ ಹಿಡಿದಿದ್ದಳು, ಡಾಕ್ಟರ್ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಅಪ್ಪ, ಗಾಡಿ ತೆಗೀರಿ. ಅಜ್ಜೀನ ಕರ್ಕೊಂಡು ಹೋಗೋಣ."

"ಮೊದ್ಲು ನಿನ್ನನ್ನ ಕಾಲೇಜಿಗೆ ಬಿಟ್ಟು ಬರ್ತೀನಿ. ಆಮೇಲೆ ಬೇರೆ ಆಸ್ಪತ್ರೆ ನೋಡೋಣ."

"ಬೇರೆ ಆಸ್ಪತ್ರೆ ಇರೋದು ಪಕ್ಕದ ಊರಲ್ಲಿ. ಅಷ್ಟು ದೂರ ತಡಿಯಲ್ಲ ಅಜ್ಜಿ. ಇಲ್ಲಿಗೇ ಹೋಗ್ಬೇಕು."

"ಹುಚ್ಚು ಹಿಡಿದಿದೆಯಾ ನಿನಗೆ? ಯಾರಾದ್ರೂ ಗುರುತು ಹಿಡಿದ್ರೆ?"

"ಹಿಡೀಲಿ. ನೀವು ಗಾಡಿ ತೆಗೀದಿದ್ರೆ ಬೀದೀಲಿ ನಿಂತು ಕೂಗ್ತೀನಿ, ಯಾರಾದ್ರೂ ಬಂದೇ ಬರ್ತಾರೆ."

ಅಪ್ಪ ಬಾಗಿಲಿಗೆ ಅಡ್ಡ ನಿಂತ. ಆಗ ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಜಗಳವಾಡಲಿಲ್ಲ, ಅಪ್ಪನ ಜೇಬಿನಿಂದ ಗಾಡಿಯ ಬೀಗದ ಕೈ ತೆಗೆದು ಅವನ ಕೈಯಲ್ಲಿಟ್ಟಳು. "ಅತ್ತೆ ತಲೆ ಕಡೆ ನಾನು ಹಿಡೀತೀನಿ. ನೀವು ಕಾಲ ಕಡೆ ಹಿಡೀರಿ. ಒಂದ್ಸಲ ಆ ಕಾಲು ಕಣ್ಣಿಟ್ಟು ನೋಡಿ."

ಅಪ್ಪ ನೋಡಿದ. ಬಾಗಿ ಕಾಲ ಕಡೆ ಹಿಡಿದ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಶಸ್ತ್ರಚಿಕಿತ್ಸಕ ಕಾಲಿಗೆ ಸುತ್ತಿ ತಂದಿದ್ದ ಬಟ್ಟೆ ಬಿಚ್ಚಿ, ಪಾದವನ್ನು ಒತ್ತಿ ನೋಡಿ, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದ. "ವಾರದ ಹಿಂದೆ ಬಂದಿದ್ರೆ ಒಂದು ಬೆರಳಲ್ಲಿ ಮುಗೀತಿತ್ತು. ಈಗ ಮೊಣಕಾಲಿನ ಕೆಳಗೆ ಕಾಲು ತೆಗೀಬೇಕು. ಇಲ್ದಿದ್ರೆ ಜೀವ ಉಳಿಯಲ್ಲ. ಮನೇಲಿ ಯಾರೂ ನೋಡ್ಲಿಲ್ವಾ?"

 ಅಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದರು. ಆಮೇಲೆ ಹುಡುಗಿ ಮುಖ ತೊಳೆದು, ಮೆಟ್ಟಿಲು ಹತ್ತಿ ಸಂದರ್ಶನದ ಕೋಣೆಯ ಹೊರಗೆ ತನ್ನ ಸರದಿಗೆ ಕಾದಳು. ಮಗಳಿಗೆ ಬುದ್ಧಿ ಬಂತು ಎಂದು ಅಪ್ಪ ಅಂದುಕೊಂಡ.

ಒಳಗೆ ನಡುವೆ ಕೂತಿದ್ದ ಪ್ರಾಧ್ಯಾಪಕಿ ಅರ್ಜಿಯಿಂದ ತಲೆ ಎತ್ತದೆ ಕೇಳಿದರು. "ಅಜ್ಜಿ ತೀರಿಕೊಂಡರು ಅಂತ ಬರೆದಿದೀಯ. ಅದರ ಬಗ್ಗೆ ಹೇಳು."

"ನನ್ನ ಅಜ್ಜಿ ಬದುಕಿದಾರೆ ಮೇಡಂ. ಕೆಳಗೆ ಅವರ ಕಾಲು ಕತ್ತರಿಸ್ತಾ ಇದಾರೆ."

ಪ್ರಾಧ್ಯಾಪಕಿ ತಲೆ ಎತ್ತಿದರು. ಪಕ್ಕದಲ್ಲಿದ್ದ ಹಿರಿಯ ವೈದ್ಯ ಕನ್ನಡಕ ತೆಗೆದ. ಹುಡುಗಿ ನಡೆದದ್ದನ್ನೆಲ್ಲ ಹೇಳಿದಳು. ಮೂರು ಮಹಡಿಯ ಕ್ಲಿನಿಕ್, ಮದುವೆಗಳಲ್ಲಿ ಎದ್ದು ನಿಲ್ಲುವ ಜನ, ಯಾರೂ ಬಿಚ್ಚಿ ನೋಡದ ಕಾಲು, ಯಾವುದನ್ನೂ ಬಿಡಲಿಲ್ಲ. "ಮನೆಯವರದ್ದು ಮಾತ್ರ ತಪ್ಪು ಅಂತ ಹೇಳೋಕೆ ಬಂದಿಲ್ಲ ನಾನು. ಬೆರಳು ಕಪ್ಪಾಗಿದ್ದನ್ನ ನೋಡಿಯೂ ಸೀಟಿನ ಆಸೆಗೆ ಸುಮ್ಮನಿದ್ದೆ. ಹಾಗಿರೋವಳು ಡಾಕ್ಟರ್ ಆದ್ರೆ ಏನು ಮಾಡ್ತಾಳೆ ಅಂತ ನಮ್ಮ ಮನೇಲೇ ನೋಡಿದೀನಿ. ಅರ್ಜಿ ವಾಪಸ್ ತಗೋತೀನಿ."

ಹಿರಿಯ ವೈದ್ಯ ನಿಟ್ಟುಸಿರಿಟ್ಟ. "ಬೆಳಿಗ್ಗೆಯಿಂದ ಬಂದವರಲ್ಲಿ ಅರ್ಧಕ್ಕರ್ಧ ಜನರ ಮನೇಲಿ ಅಜ್ಜಿಯೋ ತಾತನೋ ಸತ್ತಿದಾರೆ. ನಾವೂ ತಲೆ ಆಡಿಸ್ತಾ ಅಂಕ ಕೊಡ್ತಾ ಬಂದ್ವಿ."

"ಸುಳ್ಳು ಅರ್ಜಿ ಅಂತ ನೀನೇ ಹೇಳಿದ್ಮೇಲೆ ಸೀಟು ಕೊಡೋಕಾಗಲ್ಲ," ಎಂದರು ಪ್ರಾಧ್ಯಾಪಕಿ. ದನಿಯಲ್ಲಿ ಕರುಣೆಯೂ ಇರಲಿಲ್ಲ, ಕೋಪವೂ ಇರಲಿಲ್ಲ.

"ಗೊತ್ತು ಮೇಡಂ."

ಕೆಳಗೆ ದೊಡ್ಡಪ್ಪ ಬಂದಿದ್ದ. ವಿಷಯ ಕೇಳಿ ಮೊದಲು ಬಿಳಿಚಿಕೊಂಡ, ಆಮೇಲೆ ಕೆಂಡಾಮಂಡಲವಾದ. "ಮನೆತನದ ಮಾನ ಹರಾಜು ಹಾಕಿದೆ! ಇನ್ನು ನಮ್ಮ ಮನೇಲಿ ಯಾರಾದ್ರೂ ಡಾಕ್ಟರ್ ಆಗೋಕಾಗುತ್ತಾ?"

"ಆಗಬಹುದು ದೊಡ್ಡಪ್ಪ. ಒಳಗೆ ಹೋಗಿ ಅಜ್ಜಿ ಕಾಲು ನೋಡಿ. ನೀವೂ ಡಾಕ್ಟರ್ ಆಗೋಕೆ ಇನ್ನೂ ಹೊತ್ತು ಮೀರಿಲ್ಲ."

ದೊಡ್ಡಪ್ಪ ಒಳಗೆ ಹೋಗಲಿಲ್ಲ. ಮೊಬೈಲ್ ತೆಗೆದುಕೊಂಡು ಹೊರಗೆ ಹೋದ.

ಅಜ್ಜಿ ಉಳಿದಳು. ಕಾಲು ಉಳಿಯಲಿಲ್ಲ. ಪ್ರಜ್ಞೆ ಸರಿಯಾದ ಮೇಲೆ ಹೊದಿಕೆ ಎತ್ತಿ ನೋಡಿಕೊಂಡು ಅವಳು ಅದನ್ನು ಮತ್ತೆ ಮುಚ್ಚಿಕೊಂಡಳು. ಒಂದು ದಿನವೆಲ್ಲ ಗೋಡೆಯ ಕಡೆ ತಿರುಗಿ ಅತ್ತಳು. ಹುಡುಗಿ ಸಮಾಧಾನ ಹೇಳಲು ಹೋಗಲಿಲ್ಲ, ಪಕ್ಕದಲ್ಲೇ ಕೂತಿದ್ದಳು. ನರ್ಸು ಗಾಯ ತೊಳೆಯುವಾಗಲೂ ಕಣ್ಣು ತಿರುಗಿಸದೆ ನೋಡಿದಳು.

ವಾರ್ಡಿಗೆ ಬದಲಾಯಿಸಿದ ಮೇಲೆ ಅತ್ತೆಯ ಫೋನು ಬಂದಾಗ, ಅಜ್ಜಿಗೂ ಕೇಳಲಿ ಎಂದು ಹುಡುಗಿ ಸ್ಪೀಕರ್ ಹಾಕಿದಳು. ಅತ್ತೆ ಎಂದರೆ ಅಜ್ಜಿಯ ಮಗಳು, ಬೇರೆ ಊರಿನಲ್ಲಿರುವವಳು. ಅವಳ ಮಗನಿಗೂ ಮುಂದಿನ ವಾರ ಅವರ ಊರಿನ ಕಾಲೇಜಿನಲ್ಲಿ ಸಂದರ್ಶನವಿತ್ತು. ಅಮ್ಮನ ಆರೋಗ್ಯ ವಿಚಾರಿಸಿ, ಅಯ್ಯೋ ಪಾಪ ಎಂದು ಅತ್ತು, ದನಿ ತಗ್ಗಿಸಿ ಹುಡುಗಿಯನ್ನು ಕೇಳಿದಳು. "ನಿನ್ನ ಕಥೆ ಹೇಗೂ ಇನ್ನು ಬೇಕಾಗಲ್ಲ ಅಲ್ವೇನೇ? ಅದನ್ನ ಇವನಿಗೆ ಕಳಿಸು. ಈ ಊರಲ್ಲಿ ಅಮ್ಮನ್ನ ಯಾರೂ ನೋಡಿಲ್ಲ."

 ಹುಡುಗಿ ಉತ್ತರ ಕೊಡುವ ಮೊದಲೇ ಅಜ್ಜಿ ಕೈ ಚಾಚಿ ಫೋನು ಇಸಿದುಕೊಂಡಳು. ದಿಂಬಿಗೆ ಒರಗಿ, ಗಂಟಲು ಸರಿಮಾಡಿಕೊಂಡು ಹೇಳಿದಳು.

"ನಾನೇ ಕಣೇ ಮಾತಾಡ್ತಿರೋದು, ನಿಮ್ಮಮ್ಮ. ನಿನ್ನ ಮಗ ಡಾಕ್ಟರ್ ಆಗ್ಬೇಕು ಅನ್ನೋದಾದ್ರೆ ಅವನನ್ನ ಇಲ್ಲಿಗೆ ಕಳಿಸು. ನನ್ನ ಗಾಯ ತೊಳೀಲಿ, ಮೂಗು ಮುಚ್ಕೊಳ್ದೆ. ಆಮೇಲೂ ಆಗ್ಬೇಕು ಅನ್ಸಿದ್ರೆ ಹೋಗಿ ಅದನ್ನೇ ಹೇಳ್ಲಿ. ಇನ್ನು ಮೇಲೆ ನಿಮ್ಮ ಯಾರ ಸೀಟಿಗೂ ನಾನು ಸಾಯಲ್ಲ."