ರೊವೀನಾಳ ನಾಲ್ಕು ಹೆಸರುಗಳು

ನೀಲಿ ಲಾರಿಯ ಸದ್ದು ಕೇಳಿದರೆ ಸಾಕು, ರೊವೀನಾಳ ಎದೆ ಝಲ್ಲೆನ್ನುತ್ತಿತ್ತು. ಮನಿಲಾದ ಕಾಲುವೆ ಸೇತುವೆಯ ಬಳಿ ಅವಳ ಸಂಸಾರವೆಲ್ಲ ಒಂದು ತಳ್ಳುಗಾಡಿಯಲ್ಲಿತ್ತು. ಹಗಲಲ್ಲಿ ಗಂಡ ನೆಸ್ಟೋರ್ ಅದಕ್ಕೆ ರಟ್ಟು, ಬಾಟಲಿ ಆಯ್ದು ತುಂಬುತ್ತಿದ್ದ. ಕತ್ತಲಾದರೆ ಅದೇ ಆರು ವರ್ಷದ ಮಗಳು ಜೆಸಾಳ ಹಾಸಿಗೆ.

ಲಾರಿಯವರು ಬೀದಿಯಲ್ಲಿರುವವರನ್ನು ಹಿಡಿದೊಯ್ದು, ಹೆಸರು ಬರೆದುಕೊಂಡು, ಕೆಲವು ದಿನ ಕೂಡಿಹಾಕಿ ಬಿಡುತ್ತಿದ್ದರು. ಮತ್ತೆ ಮತ್ತೆ ಸಿಕ್ಕಿದವರ ಮಕ್ಕಳನ್ನು ಬೇರೆ ಇಡುತ್ತಾರೆಂಬ ಸುದ್ದಿಯೂ ಇತ್ತು. ಅದಕ್ಕೇ ಹೀಗೆ ಗಾಡಿಯಲ್ಲೇ ಬದುಕುವ ಜನ ಒಂದು ಉಪಾಯ ಕಲಿತಿದ್ದರು: ಪ್ರತಿ ಸಲವೂ ಬೇರೆ ಹೆಸರು ಹೇಳುವುದು. ರೊವೀನಾ ಮೂರು ಸಲ ಸಿಕ್ಕಿದ್ದಳು, ಮೂರು ಸುಳ್ಳು ಹೆಸರು ಹೇಳಿದ್ದಳು.

ಈಗ ಅದೇ ಕೊರಳಿಗೆ ಸುತ್ತಿಕೊಂಡಿತ್ತು. ವಾರ್ಡಿನ ಸಭಾಂಗಣದಲ್ಲಿ ಬೀದಿಯಲ್ಲಿರುವವರಿಗೆ ಬಾಡಿಗೆ ಕೋಣೆ ಕೊಡಿಸುವ ನೋಂದಣಿ ನಡೆಯುತ್ತಿತ್ತು. ಇವತ್ತೇ ಕೊನೆ.

"ಇನ್ನೂ ಕೂತಿದ್ದೀಯೇನೇ? ಮಧ್ಯಾಹ್ನಕ್ಕೆ ಬಾಗಿಲು ಹಾಕ್ತಾರೆ," ಎನ್ನುತ್ತ ಎರ್ಲಿಂಡಾ ಬಂದಳು. ಹಿಂದೆ ಅವಳೂ ಗಾಡಿಯಲ್ಲೇ ಇದ್ದವಳು, ಹೋದ ವರ್ಷ ಕೋಣೆ ಸೇರಿದ್ದಳು.

"ನಾನು ಬರಲ್ಲಕ್ಕ. ಮುಖ ನೋಡಿ ಗುರುತು ಹಿಡಿದ್ರೆ? ಸುಳ್ಳಿ ಅಂತ ಜೆಸಾನ ಕಿತ್ಕೊಂಡ್ರೆ?"

"ನೀನು ಮೂರು ಹೇಳಿದ್ದೀಯ, ನಾನು ಐದು. ಒಂದ್ಸಲ ಸಿನಿಮಾ ನಟಿ ಹೆಸರೇ ಕೊಟ್ಬಿಟ್ಟಿದ್ದೆ, ಈ ಉಬ್ಬುಹಲ್ಲು ಇಟ್ಕೊಂಡು!"

ನೆಸ್ಟೋರ್ ನಗಲಿಲ್ಲ. "ಮನೆ ಅಂತ ಕರೆದು ಲಾರಿ ಹತ್ತಿಸೋ ಆಟ ಇದು. ನಮ್ಮ ಹತ್ರ ಜನನ ಪತ್ರ ಇಲ್ಲ, ವಿಳಾಸ ಇಲ್ಲ. ವಿಳಾಸ ಇಲ್ದೋರಿಗೆ ಮನೆ ಯಾರು ಕೊಡ್ತಾರೆ?"

"ವಿಳಾಸ ಇದ್ದಿದ್ರೆ ಮನೆ ಯಾಕೋ ಬೇಕಿತ್ತು, ಪೆದ್ದ? ಕೋಣೆ ಮೊದಲು, ಕಾಗದ ಆಮೇಲೆ ಮಾಡಿಸ್ಕೊಡ್ತಾರೆ. ನಿಮ್ಮನ್ನ ಬಲ್ಲೋರು ಇಬ್ರು ಬಂದು ಹೇಳಿದ್ರೆ ಸಾಕು. ಒಬ್ಬಳು ನಾನು."

ಇನ್ನೊಬ್ಬರು? ರೊವೀನಾಳಿಗೆ ಯಾರೂ ಹೊಳೆಯಲಿಲ್ಲ. ಎರ್ಲಿಂಡಾ ಎದುರಿನ ಗಂಜಿ ಅಂಗಡಿಯತ್ತ ಕೈ ತೋರಿಸಿದಳು. ಅಲ್ಲಿನ ಚಾರಿಂಗ್ ಅಜ್ಜಿ ಗಾಡಿ ಸರಿಸೆಂದು ದಿನವೂ ಬೈಯುವವಳು. ಬೈದಾದ ಮೇಲೆ, ತಳದ ಗಂಜಿಯಿಂದ ಶುಂಠಿಯ ಚೂರುಗಳನ್ನೆಲ್ಲ ಆರಿಸಿ ತೆಗೆದು, ಆ ಗಂಜಿಯನ್ನು ಜೆಸಾಳಿಗೆ ಕೊಡುವವಳೂ ಅವಳೇ. ಕೇಳಿದ್ದೇ ತಡ, ಒಲೆ ಆರಿಸಿ ಹೊರಟಳು.

ಸಭಾಂಗಣದ ಬಾಗಿಲಲ್ಲಿ ಸಮವಸ್ತ್ರದವನೊಬ್ಬ ನಿಂತಿದ್ದ. ರೊವೀನಾ ಅಲ್ಲೇ ನಿಂತುಬಿಟ್ಟಳು. ತಿರುಗಿ ಓಡೋಣವೆಂದರೆ ಹಿಂದೆ ಅಜ್ಜಿ ಗೋಡೆಯ ಹಾಗೆ ನಿಂತಿದ್ದಳು. ರೊವೀನಾ ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಜೆಸಾ "ನೋಯುತ್ತಮ್ಮ" ಎಂದಳು.

ಒಳಗೆ ನೋಂದಣಿಯ ಹುಡುಗಿ ಮರಿಸ್ಸಾ ತನ್ನ ಕುರ್ಚಿಯಿಂದೆದ್ದು, ಮೇಜು ಬಳಸಿ ಬಂದು, ರೊವೀನಾಳ ಪಕ್ಕದಲ್ಲೇ ಕುಳಿತಳು.

"ಹೆಸರು ಹೇಳಿ ಅಮ್ಮ."

"ಯಾವುದು?"

ಮಾತು ಬಾಯಿಂದ ಜಾರಿಬಿಟ್ಟಿತ್ತು. ನೆಸ್ಟೋರ್ ತಲೆ ತಗ್ಗಿಸಿದ. ರೊವೀನಾ ಮಗಳನ್ನು ಮಡಿಲಿಗೆಳೆದುಕೊಂಡು, ಏಟಿಗೆ ಕಾಯುವವಳಂತೆ ಕಣ್ಣು ಮುಚ್ಚಿದಳು.

"ಹೆದರಿದೋರೆಲ್ಲ ಹಾಗೇ ಮಾಡಿದ್ದಾರಮ್ಮ," ಎಂದಳು ಮರಿಸ್ಸಾ ಮೆಲ್ಲಗೆ. "ಆ ಹೆಸರುಗಳನ್ನೂ ಹೇಳಿ, ಬರ್ಕೋತೀನಿ. ಮುಂದೆ ಯಾರೂ ಅದನ್ನ ಹಿಡ್ಕೊಂಡು ನಿಮ್ಮನ್ನ ಕಾಡಬಾರದು. ಮಗು ನಿಮ್ಮ ಜೊತೇಲೇ ಇರುತ್ತೆ."

"ಆರು ವರ್ಷದಿಂದ ಇವಳನ್ನ ಬೈತಿದ್ದೀನಿ," ಎಂದಳು ಚಾರಿಂಗ್ ಅಜ್ಜಿ. "ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲಿ ರುಜು ಹಾಕ್ಬೇಕು ಹೇಳು, ಗಂಜಿ ಆರಿಹೋಗುತ್ತೆ."

ನೆಸ್ಟೋರ್ ತಡವರಿಸಿ ಕೇಳಿದ, "ನನ್ನ ಗಾಡಿ ಬಿಡ್ಬೇಕಾ?"

"ಅದು ನಿಮ್ಮ ಅನ್ನ ಅಲ್ವಾ ಅಣ್ಣ? ಅಂಗಳದಲ್ಲಿ ಜಾಗ ಇರೋ ಕೋಣೇನೇ ನೋಡ್ತೀವಿ."

ಆಗ ಅವನು ಹೆಂಡತಿಯ ಭುಜ ಮುಟ್ಟಿ, "ಹೇಳೇ," ಎಂದ.

"ರೊವೀನಾ ದಿಮಾಪಿಲಿಸ್."

ಜೆಸಾ ಕಣ್ಣರಳಿಸಿದಳು. "ಅಮ್ಮ, ನಿಂಗೆ ಇಷ್ಟುದ್ದ ಹೆಸರಿದೆಯಾ?"

ಕೋಣೆ ಸಿಕ್ಕಿತು. ಭಯ ಮಾತ್ರ ಒಂದೇ ದಿನಕ್ಕೆ ಬಿಡಲಿಲ್ಲ. ಮೊದಲ ವಾರ ರೊವೀನಾ ಗಂಟುಮೂಟೆ ಬಿಚ್ಚಲೇ ಇಲ್ಲ. ಎಂಟನೆಯ ದಿನ ಜೆಸಾಳ ಅಂಗಿ ಒಗೆದು ಗೋಡೆಯ ಮೊಳೆಗೆ ತೂಗುಹಾಕಿದಳು.

ನೀವು ದಿನವೂ ಹೋಗುವ ದಾರಿಯಲ್ಲೂ ಇಂಥವರಿದ್ದಾರೆ. ಅವರ ಬಳಿ ಕಾಗದ ಇಲ್ಲದಿರಬಹುದು, ಅವರು ಸುಳ್ಳು ಹೆಸರನ್ನೂ ಹೇಳಿರಬಹುದು. ಅದು ಮೋಸವಲ್ಲ, ಭಯ. ನಿಮ್ಮಲ್ಲಿ ಬಾಡಿಗೆಗೆ ಕೋಣೆಯಿದ್ದರೆ, ಹಳೆಯ ವಿಳಾಸವಿಲ್ಲವೆಂದು ಬಾಗಿಲು ಮುಚ್ಚಬೇಡಿ. ಕಚೇರಿಗೆ ಅವರನ್ನು ಒಬ್ಬಂಟಿಯಾಗಿ ಕಳಿಸಬೇಡಿ, ಜೊತೆಗೆ ಹೋಗಿ. "ಇವರನ್ನು ನಾನು ಬಲ್ಲೆ" ಎನ್ನಿ.