ಕಾಲು ಬಿಟ್ಟು ಹಿಡಿ

ನರಸಿಂಹರಾಜಪುರದ ಅಕ್ಕಿ ಗಿರಣಿಯ ಗೋದಾಮಿನಲ್ಲಿ ತೊಲೆ ಬಿರುಕು ಬಿಟ್ಟ ಸುದ್ದಿ ಕೊಪ್ಪಕ್ಕೆ ಮೊದಲ ಬಸ್ಸಿನಲ್ಲೇ ಬಂದು ಇಳಿದಿತ್ತು. ಶೃಂಗೇರಿಯಿಂದ ಬರುವ ಅಂಬುಜಾಕ್ಷಿ ಅಲ್ಲಿನ ಬಾಳಗಡಿಯ ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಕುರ್ಚಿ ಎಳೆದುಕೊಂಡು ಕೂತಿತ್ತು.

“ಯಾರಿಗೂ ಎಂತದೂ ಆಗಿಲ್ಲ, ಪುಣ್ಯ,” ಎಂದರು ಎಂಜಿನಿಯರ್ ವೆಂಕಟಸುಬ್ಬಯ್ಯ. “ಇಪ್ಪತ್ತಡಿ ತೊಲೆ. ನಡುವೆ ಎರಡಿಂಚು ಜಗ್ಗಿದೆ. ನಮ್ಮ ಕಾಗದ ನೋಡಿಯೇ ಕುಯ್ಸಿದ್ದು ಮಾರಾಯ್ತಿ.”

ಕಾಗದ ಮೇಜಿನ ಮೇಲಿತ್ತು. ತೊಲೆಯ ಆಳ ಎಂಟೂವರೆ ಇಂಚು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ: ರೂಲ್ ೧೪, ಎ. ವಹಾಬ್.

ಎಂಬತ್ತೇಳರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂದಾಗ ವೆಂಕಟಸುಬ್ಬಯ್ಯನವರಿಗೆ ಒಂದು ಹುಚ್ಚು ಹತ್ತಿತ್ತು. ಕೋಣೆಯ ಅಳತೆ ಹೇಳಿದರೆ ಸಾಕು, ತೊಲೆ, ಪಕಾಸು, ರೀಪು ಎಲ್ಲದರ ಲೆಕ್ಕವನ್ನೂ ಯಂತ್ರವೇ ಹಾಕಿ ಹೆಂಚಿನ ಮಾಡಿನ ವಿನ್ಯಾಸ ಕೊಡಬೇಕು. ಲೆಕ್ಕದ ನಿಯಮಗಳು ಬಂದದ್ದು ನರಸಿಂಹರಾಜಪುರದ ಅಬ್ದುಲ್ ವಹಾಬ್ ಮೇಸ್ತ್ರಿಯಿಂದ. ನಲವತ್ತು ವರ್ಷ ಮಾಡು ಕಟ್ಟಿದ ಮನುಷ್ಯ. ಪ್ರತಿ ಗುರುವಾರ ಬಂದು, ಕೆನ್ನೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಅವರು ಹೇಳುತ್ತಿದ್ದರು. ಗಣಿತದಲ್ಲಿ ಬಿಎಸ್ಸಿ ಮಾಡಿದ ಅಂಬುಜಾಕ್ಷಿ ಅದನ್ನು ನಿಯಮಗಳಾಗಿ ಬರೆದು ಯಂತ್ರಕ್ಕೆ ಉಣಿಸುತ್ತಿದ್ದಳು. ಒಟ್ಟು ಮೂವತ್ತೊಂದು. ಒಂದೊಂದರ ಮುಂದೆಯೂ ಮೇಸ್ತ್ರಿಯ ಹೆಸರು ಬರಬೇಕೆಂದು ಹಟ ಹಿಡಿದವಳೂ ಅವಳೇ. ಹೋದ ಚಳಿಗಾಲದಲ್ಲಿ ಮೇಸ್ತ್ರಿ ತೀರಿಕೊಂಡಿದ್ದರು.

“ಹದಿನಾಲ್ಕನ್ನು ಕಿತ್ತುಹಾಕು,” ಎಂದರು ವೆಂಕಟಸುಬ್ಬಯ್ಯ. “ಮೇಸ್ತ್ರಿ ಲೆಕ್ಕದಲ್ಲಿ ದೋಷ ಇತ್ತು ಅಂತ ಗಿರಣಿಗೆ ಕಾಗದ ಬರೀತೇನೆ. ಹೋದವರಿಗೆ ಎಂತ ನೋವು?”

“ಇರೋರಿಗೆ, ಸಾರ್?”

ಮೇಸ್ತ್ರಿಯ ಮಗ ಶರೀಫ್‌ನದೂ ಅದೇ ಕಸುಬು. ಅಪ್ಪನ ಲೆಕ್ಕವೇ ಮಗನ ಲೆಕ್ಕ ಎಂದು, ಅವನಿಗೆ ಕೆಲಸ ಒಪ್ಪಿಸಿದ್ದ ಎರಡು ಮನೆಯವರು ಆಗಲೇ ಹಿಂದೆ ಸರಿದಿದ್ದರು.

“ಒಂದು ದಿನ ಕೊಡಿ,” ಎಂದಳು ಅಂಬುಜಾಕ್ಷಿ.

ನಿಯಮಗಳನ್ನು ಪರೀಕ್ಷಿಸಲು ಅವಳು ಬಳಸಿದ್ದು ಮೇಸ್ತ್ರಿಯೇ ಕಟ್ಟಿದ ಹನ್ನೊಂದು ಮನೆಗಳನ್ನು. ಯಂತ್ರದ ಉತ್ತರವೂ ನಿಜವಾದ ತೊಲೆಯೂ ಎಲ್ಲ ಕಡೆ ಹೊಂದಿದ್ದವು: ಆರಿಂಚು, ಆರಿಂಚು, ಆರಿಂಚು. ಮತ್ತೆ ಓಡಿಸಿದಳು. ಅದೇ ಉತ್ತರ. ಎಲ್ಲ ಸರಿಯಿದ್ದದ್ದೇ ಈಗ ಅವಳಿಗೆ ಸರಿಕಾಣಲಿಲ್ಲ. ಯಾವ ತೊಲೆಯೂ ಆರಿಂಚಿಗಿಂತ ಕಡಿಮೆ ಇರಕೂಡದೆಂಬ ಒಂಬತ್ತನೇ ನಿಯಮವನ್ನು ತಡೆಹಿಡಿದು ನೋಡಿದಳು. ಹತ್ತಡಿಯ ಕೋಣೆಗೆ ಯಂತ್ರ ನಾಲ್ಕೂ ಮುಕ್ಕಾಲು ಇಂಚಿನ ತೊಲೆ ಕೊಟ್ಟಿತು.

ಅಂದರೆ ಹದಿನಾಲ್ಕು ಮೊದಲಿನಿಂದಲೂ ತಪ್ಪುತ್ತಿತ್ತು, ಒಂಬತ್ತು ಅದರ ಮಾನ ಮುಚ್ಚುತ್ತಿತ್ತು. ಆ ಹನ್ನೊಂದು ಮನೆಗಳಲ್ಲಿ ಹತ್ತಡಿ ಮೀರಿದ ಕೋಣೆ ಒಂದೂ ಇರಲಿಲ್ಲ. ಇಪ್ಪತ್ತಡಿಯ ಗೋದಾಮಿನಲ್ಲಿ ಮುಚ್ಚುವವರಿಲ್ಲದೆ ತಪ್ಪು ಬಯಲಿಗೆ ಬಿದ್ದಿತ್ತು.

ಆದರೆ ತಪ್ಪು ಯಾರದು? ನೋಟ್‌ಬುಕ್ ತೆರೆದಳು. “ಉದ್ದದ ಮುಕ್ಕಾಲು ಪಾಲು, ಅಡಿಗೆ ಅರ್ಧ ಇಂಚು, ಮೇಲೊಂದು ಇಂಚು.” ಅವಳದೇ ಅಕ್ಷರ. ಮೇಸ್ತ್ರಿ ಆಡಿದ ಮಾತು ಅಲ್ಲಿರಲಿಲ್ಲ.

ಮಾತು ಅವಳ ಗಂಟಲಿನಲ್ಲಿತ್ತು. ಬಸ್ಸಿನ ಕಂಡಕ್ಟರನಿಂದ ಹಿಡಿದು ಪ್ರಿಂಟರಿನ ಕಿರುಚಾಟದವರೆಗೆ ಎಲ್ಲವನ್ನೂ ನಕಲು ಮಾಡಿ ಆಫೀಸನ್ನು ನಗಿಸುತ್ತಿದ್ದವಳು ಅವಳು. ಮೇಸ್ತ್ರಿಯ ಈ ಮಾತಿಗಂತೂ ಟೈಪಿಸ್ಟ್ ವಸಂತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು: “ಕಾಲು ಬಿಟ್ಟು ಹಿಡಿ ಅಂದ್ರೆ? ಕೈ ಹಿಡೀಬೇಕಾ?”

ಮರುದಿನ ಅಂಬುಜಾಕ್ಷಿ ನರಸಿಂಹರಾಜಪುರದಲ್ಲಿ ಇಳಿದಳು. ಮೇಸ್ತ್ರಿಯ ಮನೆಗೆ ಅಂಟಿಕೊಂಡ ಚಪ್ಪರದಡಿ ಶರೀಫ್ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ.

“ಬನ್ನಿ ಅಕ್ಕ. ಅಬ್ಬನ ಲೆಕ್ಕದಲ್ಲಿ ಇನ್ನೊಂದು ತಪ್ಪು ಸಿಕ್ತಾ?”

“ಒಂದು ಮಾತು ಕೇಳಬೇಕು. ಅವರು ಹೇಳಿದ ಹಾಗೇ ಹೇಳ್ತೇನೆ. ಅಣಕ ಅಂತ ತಿಳೀಬೇಡ.”

“ಆಫೀಸಲ್ಲಿ ಮಾಡಿ ನಗ್ತಿದ್ರಂತಲ್ಲ?”

“ಹೌದು,” ಎಂದಳು.

ಗಂಟಲು ಸರಿಮಾಡಿಕೊಂಡಳು. ಎಲೆಯಡಿಕೆಯನ್ನು ಕೆನ್ನೆಗೆ ಸರಿಸಿದ ಹಾಗೆ ಒಂದು ತಡೆ, ಸಣ್ಣ ಕೆಮ್ಮು, ಆಮೇಲೆ ಆ ಒರಟು ಕೀರಲು ದನಿ: “ತೊಲೆ ಉದ್ದ ಕಾಲು ಬಿಟ್ಟು ಹಿಡಿ ಅಂಬಕ್ಕಾ. ಕಾಲು ಬಿಟ್ಟು!”

ಉಜ್ಜುಗೊರಡು ನಿಂತಿತು. ಒಳಗೆ ಪಾತ್ರೆ ತೊಳೆಯುವ ಸದ್ದೂ ನಿಂತಿತು. ಬಾಗಿಲಿಗೆ ಬಂದವರು ಮೇಸ್ತ್ರಿಯ ಹೆಂಡತಿ ಹಬೀಬಾ. ಕೈಯಿಂದ ನೀರು ಇಳಿಯುತ್ತಿತ್ತು.

“ಇನ್ನೊಂದ್ಸಲ ಹೇಳು ತಾಯಿ.”

ಹೇಳಿದಳು. ಹಬೀಬಾ ಕಣ್ಣು ಮುಚ್ಚಿ ಕೇಳಿಸಿಕೊಂಡು, ಆಮೇಲೆ ತಲೆಯಾಡಿಸಿದರು.

“ದನಿ ಅವರದ್ದೇ. ಕೈ ಎಲ್ಲಿ? ಹಾಗೆ ಹೇಳುವಾಗ ಅವರ ಕೈ ಸುಮ್ಮನೆ ಇರ್ತಿರಲಿಲ್ಲ.” ನಡೆದು ಬಂದು ಚಪ್ಪರದ ಕಂಬಕ್ಕೆ ಎರಡು ಸಲ ಬಡಿದರು. “ಕಾಲು ಬಿಟ್ಟು. ಹೀಗೆ.”

“ಕಾಲು ಅಂದ್ರೆ ಕಂಬ ಅಕ್ಕ,” ಎಂದ ಶರೀಫ್. “ಎರಡೂ ಕಡೆ ಕಂಬದ ದಪ್ಪ ಬಿಟ್ಟು ನಡುವಿನ ಉದ್ದ ಹಿಡಿಯೋದು. ನೀವು ಎಂತ ತಿಳ್ಕೊಂಡ್ರಿ?”

ಈ ಮಾತು ಹೇಳಿದ ಗುರುವಾರ ಮೇಸ್ತ್ರಿ ಮೇಜಿನ ಕಾಲನ್ನು ತಟ್ಟುತ್ತಿದ್ದುದು ಅಂಬುಜಾಕ್ಷಿಗೆ ಈಗ ಹೊಳೆಯಿತು. ತಟ್ಟಿದ್ದು ಕಿವಿಗೆ ಬಿದ್ದಿತ್ತು. ತಲೆ ಬಗ್ಗಿಸಿ ಬರೆಯುತ್ತಿದ್ದವಳು ನೋಡಿರಲಿಲ್ಲ.

“ಕಾಲು ಭಾಗ,” ಎಂದಳು ಮೆಲ್ಲಗೆ. “ನಾಲ್ಕರಲ್ಲಿ ಒಂದು.”

ಶರೀಫ್ ಮನಸ್ಸಿನಲ್ಲೇ ಗುಣಿಸಿದ. “ಎರಡು ಕಂಬಕ್ಕೆ ಒಂದಡಿ ಹೋದ್ರೂ ಹತ್ತೂವರೆ ಇಂಚು ಬೇಕಿತ್ತು. ಮುಕ್ಕಾಲು ತೊಲೆ ಮೇಲೆ ಪೂರ್ತಿ ಮಾಡು ಹೊರಿಸಿದ್ರಲ್ಲ ಅಕ್ಕ!”

“ತಪ್ಪು ಅವರದ್ದಲ್ಲ. ನನ್ನದು.”

“ನನ್ನ ಹತ್ರ ಹೇಳಿದ್ರೆ ಸಾಕಾ?”

ಇಬ್ಬರೂ ಗಿರಣಿಗೆ ಹೋದಾಗ ಮಾಲೀಕ ಅಣ್ಣಯ್ಯ ಗೋದಾಮಿನ ಬಾಗಿಲಲ್ಲೇ ಇದ್ದರು. ಒಳಗೆ ನಾಲ್ಕು ಜನ ಬಡಗಿಗಳು ಜಗ್ಗಿದ ತೊಲೆಗೆ ಊರುಗಂಬ ಬಿಗಿಯುತ್ತಿದ್ದರು. ಅಂಬುಜಾಕ್ಷಿ ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕಾಲು ಎಂದರೆ ಏನೆಂದು ಕೇಳದೆ ಬರೆದೆ ಎಂದಳು. ಬಡಗಿಗಳಲ್ಲಿ ಒಬ್ಬ ನಕ್ಕ. ಶರೀಫ್‌ನ ಮುಖ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ.

“ನಿಮ್ಮ ಸಾಹೇಬ್ರು ಮೇಸ್ತ್ರಿ ತಪ್ಪು ಅಂತ ಹೇಳಿ ಕಳ್ಸಿದ್ದಾರಲ್ಲ?” ಎಂದರು ಅಣ್ಣಯ್ಯ.

“ಅದು ಸುಳ್ಳು. ಬರೆದು ಕೊಡ್ತೇನೆ.” ಜೊತೆಗೆ ತಂದಿದ್ದ ವಿನ್ಯಾಸದ ಹಾಳೆಯ ಹಿಂಬದಿಯಲ್ಲಿ ಬರೆದು ರುಜು ಹಾಕಿದಳು.

“ಕೆಲಸ ಹೋಗ್ತದಲ್ಲ ಮಾರಾಯ್ತಿ ನಿಂದು.”

“ಹೋಗಬಹುದು.”

ಅಣ್ಣಯ್ಯ ಹಾಳೆಯನ್ನು ಎರಡು ಸಲ ಓದಿ ಶರೀಫ್‌ನ ಕೈಗೆ ಕೊಟ್ಟರು. “ಹೊಸ ತೊಲೆ ನೀನೇ ಕೂರಿಸು,” ಎಂದಷ್ಟೇ ಹೇಳಿ ಒಳಗೆ ಹೋದರು.

ಶರೀಫ್ ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ಅವನ ಮುಖ ಇನ್ನೂ ಸಡಿಲಾಗಿರಲಿಲ್ಲ.

“ಉಳಿದ ಮೂವತ್ತು?”

“ಎಂತ?”

“ಅಬ್ಬನ ಹೆಸರಲ್ಲಿ ಇನ್ನೂ ಮೂವತ್ತು ಇದಾವಲ್ಲ. ಅವೂ ಹೀಗೇ ಕಿವಿಯಿಂದ ಬರೆದದ್ದಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಹಾಗಾದ್ರೆ ಕೂತ್ಕೊಳ್ಳಿ. ಒಂದೊಂದೇ ಓದಿ.”

ಅಂಬುಜಾಕ್ಷಿ ಗೋದಾಮಿನ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ಬಿಡಿಸಿದಳು. “ಒಂದು. ಗೋಡೆಯಿಂದ ಗೋಡೆಗೆ ಅಳೆದು...”

“ನಿಲ್ಲಿ.” ಶರೀಫ್ ಹೋಗಿ ಗೋಡೆಯ ಮೇಲೆ ಕೈಯಿಟ್ಟ. “ಒಳಮೈಯಿಂದಲಾ, ಹೊರಮೈಯಿಂದಲಾ?”

ಅವಳಿಗೆ ಗೊತ್ತಿರಲಿಲ್ಲ. ಪೆನ್ಸಿಲ್ ತೆಗೆದು, ಮೊದಲ ನಿಯಮದ ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದಳು.