ಕವಡೆ ಕಟ್ಟಿದ ಗಾಲಿಕುರ್ಚಿ

ಕುಷ್ಟಗಿಯ ಆ ಕಚೇರಿಯಲ್ಲಿ ಎಲ್ಲವೂ ಸರಿಯಿತ್ತು. ಅದೇ ನನಗೆ ಸರಿ ಕಾಣಲಿಲ್ಲ.

ನಾನು ಗುರುಲಿಂಗಮ್ಮ. ಎಡಗಾಲನ್ನು ಪೋಲಿಯೊ ತಿಂದಿದೆ, ಕೋಲು ಹಿಡಿದು ನಡೆಯುತ್ತೇನೆ. ಸಂಸ್ಥೆಯೊಂದರ ಪರವಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತುತ್ತೇನೆ. ಅಂಗವಿಕಲರು ಹತ್ತಲು ಇಳಿಜಾರು ಕಟ್ಟಿದ್ದಾರೆಯೇ, ಶೌಚಾಲಯದ ಬಾಗಿಲು ಅಗಲವಿದೆಯೇ, ಬಂದವರನ್ನು ಮನುಷ್ಯರಂತೆ ಮಾತಾಡಿಸುತ್ತಾರೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಬೆನ್ನ ಹಿಂದೆ ನನ್ನನ್ನು 'ಅನುಮಾನದ ಅಕ್ಕ' ಅನ್ನುತ್ತಾರಂತೆ. ಅನ್ನಲಿ ಬಿಡಿ. ಬರುವ ದಿನವನ್ನು ಮೊದಲೇ ಫೋನ್ ಮಾಡಿ ತಿಳಿಸಿ ಹೋಗಬೇಕೆಂಬ ನಿಯಮವಿದ್ದಾಗ, ಅನುಮಾನವೂ ಇಲ್ಲದಿದ್ದರೆ ನಮ್ಮ ಕೈಯಲ್ಲಿ ಇನ್ನೇನು ಉಳಿಯುತ್ತದೆ?

ಬಾಗಿಲ ಬಳಿ ಗಾಲಿಕುರ್ಚಿ ನಿಂತಿತ್ತು. ಒರೆಸಿ ಫಳಫಳ ಮಾಡಿದ್ದರು.

"ಇದು ಯಾವಾಗ್ಲೂ ಇಲ್ಲೇ ಇರತೈತೇನ್ರಿ?" ಎಂದು ಅಲ್ಲಿನ ಗುಮಾಸ್ತ ಹಾಲೇಶನನ್ನು ಕೇಳಿದೆ.

"ಇಪ್ಪತ್ನಾಕ್ ತಾಸೂ ಇಲ್ಲೇ ಇರತೈತ್ರಿ ಅಕ್ಕಾರ. ಭಾಳ ಮಂದಿಗೆ ಅನುಕೂಲ ಆಗೈತಿ."

"ಹೌದಾ? ಬ್ರೇಕ್ ಹಾಕಿ ತೋರಿಸ್ರಿ ನೋಡೋಣು."

ಹಾಲೇಶ ಕುರ್ಚಿಯ ಸುತ್ತ ಪ್ರದಕ್ಷಿಣೆ ಹಾಕಿದ. ಹಿಡಿಕೆ ಒತ್ತಿದ, ಕಾಲಿಡುವ ಹಲಗೆ ಎತ್ತಿದ, ಬೆವರು ಒರೆಸಿಕೊಂಡ. ಬ್ರೇಕು ಅವನ ಕೈಯ ಪಕ್ಕದಲ್ಲೇ ಇತ್ತು. ನಾನು ಬಗ್ಗಿ ನೋಡಿದಾಗ ಸೀಟಿನ ಕೆಳಗೆ ಕರಿದಾರದಲ್ಲಿ ಒಣಗಿದ ನಿಂಬೆಹಣ್ಣೊಂದು ಜೋತಾಡುತ್ತಿತ್ತು. ನಮ್ಮ ಕಡೆ ಗಾಲಿ ಇರುವುದಕ್ಕೆಲ್ಲ ನಿಂಬೆಹಣ್ಣು ಕಟ್ಟುತ್ತಾರೆ, ಅದರಲ್ಲೇನು ವಿಶೇಷ ಎಂದು ಸುಮ್ಮನಾದೆ. ಆದರೂ ತಲೆಯಲ್ಲಿ ಹುಳ ಹೊಕ್ಕಿತ್ತು. ಹುಳ ಹೊಕ್ಕಾಗ ತಪಾಸಣೆ ಹೆಚ್ಚು ಮಾಡುವುದು ನನ್ನ ಪದ್ಧತಿ; ಈಚೆಗೆ ವಾರ ವಾರ ಸುತ್ತುವಂತಾಗಿದ್ದೂ ಹೀಗೆಯೇ. ಅಂದೇ ಗಂಗಾವತಿಗೂ ಯಲಬುರ್ಗಾಕ್ಕೂ ಫೋನ್ ಮಾಡಿ ಬರುತ್ತೇನೆಂದು ತಿಳಿಸಿದೆ.

ಬಸ್ಸಿನಲ್ಲಿ ಕೂತಾಗ ಕೊಪ್ಪಳದ ಕಾಲೇಜಿನಿಂದ ಅನ್ನಪೂರ್ಣ ಟೀಚರ ಫೋನ್ ಬಂತು.

"ಅಕ್ಕಾರ, ನಿಮ್ಮ ಅಮೃತಾ ಮತ್ತ ಕಾಲೇಜಿಗೆ ಬಂದಿಲ್ರಿ. ಹಾಜರಿ ಕಡಿಮಿ ಬಿದ್ದೈತಿ. ಹಿಂಗ ಆದ್ರ ಪರೀಕ್ಷಾಕ್ಕ ಕೂಡಿಸಾಕ ಬರಂಗಿಲ್ಲ."

ಅಮೃತಾ ಕೊಪ್ಪಳದ ಪಕ್ಕದ ಭಾಗ್ಯನಗರದ ಹುಡುಗಿ. ನಡೆಯಲಾರಳು, ಆದರೆ ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಹತ್ತನೆಯದಾದ ಮೇಲೆ ಮನೆಯಲ್ಲಿ ಕೂತಿದ್ದವಳಿಗೆ ಎಷ್ಟೋ ಬಾಗಿಲು ತಟ್ಟಿ ಗಾಲಿಕುರ್ಚಿ ಕೊಡಿಸಿ, ನಾನೇ ಕಾಲೇಜಿಗೆ ಸೇರಿಸಿದ್ದೆ. ಕುರ್ಚಿ ಬಂದದ್ದು ಮಹಾನವಮಿಗೆ. ಅವಳ ಅಜ್ಜಿ ಹುಲಗಮ್ಮ ಅದಕ್ಕೆ ವಿಭೂತಿ ಬಳಿದು, ಕಾಯಿ ಒಡೆದು, "ನಮ್ಮ ಕೂಸಿನ ಗಾಡಿ ಇದು, ಯಾರ ಕಣ್ಣೂ ಬೀಳಬಾರ್ದು" ಎಂದು ಏನೇನೋ ಕಟ್ಟಿದ್ದಳು. ಅಂಥ ಹುಡುಗಿ ಈಗ ಪರೀಕ್ಷೆಗೇ ಎರವಾಗುವಂತಾಗಿತ್ತು.

ಇಳಿದವಳೇ ಭಾಗ್ಯನಗರಕ್ಕೆ ಹೋದೆ. ಅಮೃತಾ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕಾಣಲಿಲ್ಲ. ಅವಳ ಅಪ್ಪ ಸಿದ್ದಲಿಂಗೇಶ ಸರ್ಕಾರಿ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಜೀಪು ಓಡಿಸುತ್ತಾನೆ. ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು.

"ಕುರ್ಚಿ ಎಲ್ಲೈತೋ ಸಿದ್ದಲಿಂಗೇಶ?"

"ರಿಪೇರಿಗೆ ಕೊಟ್ಟೀನ್ರಿ ಅಕ್ಕಾರ."

"ಯಾವ ಅಂಗಡ್ಯಾಗ?"

"ಹೊಸಪೇಟ್ಯಾಗ್ರಿ."

"ಇಲ್ಲೇ ಓಣಿಗೊಂದು ಸೈಕಲ್ ಅಂಗಡಿ ಇರೂವಾಗ, ಹೊಸಪೇಟಿಗೆ ಯಾಕ ಹೋಗಿತ್ತು ಅದು?"

ಅವನು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ. ಹುಲಗಮ್ಮ ತಲೆ ಎತ್ತದೆ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಅಮೃತಾ ಮಾತ್ರ, "ನನಗ ಕಾಲೇಜಿಗೆ ಹೋಗಾಕ ಮನಸಿಲ್ರಿ ಅಕ್ಕಾ," ಅಂದಳು. ಅವಳ ತೊಡೆಯ ಮೇಲೆ ಪುಸ್ತಕ ತೆರೆದಿತ್ತು. ಸುಳ್ಳು ಹೇಳುವುದಿದ್ದರೆ ಅದನ್ನಾದರೂ ಮುಚ್ಚಬಾರದಿತ್ತೆ!

ಮಾರಿಬಿಟ್ಟಿದ್ದಾನೆ, ಭಾಡ್ಯಾ. ನನಗೆ ಅಷ್ಟೇ ಹೊಳೆದದ್ದು. ಮಗಳ ಕಾಲನ್ನೇ ಮಾರಿ ಕುಡಿದನೋ ಏನೋ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ.

ಗಂಗಾವತಿಯ ಕಚೇರಿಯಲ್ಲೂ ಬಾಗಿಲ ಬಳಿ ಗಾಲಿಕುರ್ಚಿ ನನ್ನನ್ನೇ ಕಾಯುತ್ತಿತ್ತು. ಈ ಸಲ ಯಾರನ್ನೂ ಕೇಳದೆ ಸೀಟಿನ ಕೆಳಗೆ ಕೈ ಹಾಕಿದೆ. ಅದೇ ಒಣ ನಿಂಬೆಹಣ್ಣು. ದಾರವನ್ನು ಎಳೆದಾಗ ಅದರ ಮೇಲುಗಡೆ ಗಂಟಿನಲ್ಲಿದ್ದ ಕವಡೆಯೊಂದು ಬೆರಳಿಗೆ ತಾಗಿತು. ಅಂಚು ಮುಕ್ಕಾದ ಹಳೆಯ ಕವಡೆ.

ಆಗ ಹುಲಗಮ್ಮ ನೆನಪಾದಳು. ಮನೆಯ ಆಕಳ ಕೊರಳಿನ ಸರದಿಂದ ಅದನ್ನು ಬಿಚ್ಚಿ, ನನ್ನ ಕಣ್ಣೆದುರೇ ಕಟ್ಟಿದ್ದಳು. "ಕುರ್ಚಿಗ್ಯಾಕಬೇ ಕವಡಿ?" ಎಂದು ನಾನು ನಕ್ಕಿದ್ದೆ. ಕುರ್ಚಿ ಒಯ್ದವರು ವಿಭೂತಿ ಒರೆಸಿದ್ದರು, ಕುಂಕುಮ ತೊಳೆದಿದ್ದರು, ಗಾಲಿಗೆ ಎಣ್ಣೆಯನ್ನೂ ಹಾಕಿದ್ದರು. ಆದರೆ ದೃಷ್ಟಿಗೆ ಕಟ್ಟಿದ್ದನ್ನು ಬಿಚ್ಚಿ ಪೀಡೆಯನ್ನು ಮೈಮೇಲೆ ಎಳೆದುಕೊಳ್ಳುವ ಧೈರ್ಯ ಮಾತ್ರ ಒಬ್ಬರಿಗೂ ಆಗಿರಲಿಲ್ಲ.

"ಕುರ್ಚಿ ಛಲೋ ಐತ್ರಿ," ಎಂದಷ್ಟೇ ಹೇಳಿ ಎದ್ದುಬಂದೆ.

ಯಲಬುರ್ಗಾಕ್ಕೆ ಮಧ್ಯಾಹ್ನ ಬರುತ್ತೇನೆಂದು ತಿಳಿಸಿದ್ದೆ. ಬೆಳಿಗ್ಗೆಯೇ ಹೋಗಿ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಮೂಲೆ ಹಿಡಿದೆ. ಬಾಗಿಲ ಬಳಿ ಏನೂ ಇರಲಿಲ್ಲ. ಎರಡನೇ ಚಹಾ ಮುಗಿಯುವಷ್ಟರಲ್ಲಿ ಜೀಪು ಬಂತು. ಸಿದ್ದಲಿಂಗೇಶ ಇಳಿದು ಹಿಂಬಾಗಿಲು ತೆಗೆದು, ಮಗುವನ್ನು ಇಳಿಸಿಕೊಳ್ಳುವಂತೆ ಕುರ್ಚಿಯನ್ನು ಎರಡೂ ಕೈಯಲ್ಲಿ ಇಳಿಸಿದ. ತಲೆ ಎತ್ತಿದಾಗ ಎದುರಿಗೆ ನಾನಿದ್ದೆ.

"ಹೊಸಪೇಟಿ ಇಲ್ಲಿಗೆ ಬಂತೇನಲೇ?"

ಅವನು ಕುರ್ಚಿಯ ಹಿಡಿಕೆ ಬಿಟ್ಟು ಕೈ ಮುಗಿದ. "ಕೂಗಬ್ಯಾಡ್ರಿ ಅಕ್ಕಾರ, ಕಾಲಿಗೆ ಬೀಳ್ತೀನಿ. ನಮ್ಮ ಸಾಹೇಬ್ರು ಕೇಳಿದ್ರು. 'ನಿನ್ನ ಮನ್ಯಾಗ ಒಂದು ಐತಲ್ಲ, ತಪಾಸಣಿ ಮುಗಿಯೂತನ ತಂದಿಡು' ಅಂದ್ರು. ಆಮ್ಯಾಲ ಆ ಕಚೇರಿಯಾವ್ರೂ ಈ ಕಚೇರಿಯಾವ್ರೂ ಅವ್ರಿಗೇ ಫೋನ್ ಹಚ್ಚಾಕತ್ತಿದ್ರು. ನೀವು ಬರೂಕಿಂತ ಮೊದಲ ಒಯ್ದಿಡಬೇಕು, ಮುಗಿದ ಮ್ಯಾಲ ತರಬೇಕು. ಒಲ್ಲೆ ಅಂದ್ರ ಗುತ್ತಿಗಿ ಬಿಡಿಸ್ತಾರ್ರಿ. ಮನಿ ಹೆಂಗ ನಡೀಬೇಕು?"

"ಮಗಳ ಪರೀಕ್ಷಾ ಹೋಗತೈತಿ ಅಂತ ಗೊತ್ತಿಲ್ಲೇನು ನಿನಗ? ನನ್ನ ಮುಂದರ ಬಾಯಿ ಬಿಡಬಾರ್ದಿತ್ತೇನು?"

"ಗೊತ್ತೈತ್ರಿ. ನಿಮ್ಮ ಮುಂದ ಏನಂತ ಹೇಳಲ್ರಿ?" ಅವನು ನೆಲ ನೋಡುತ್ತಲೇ ಹೇಳಿದ. "ಮೊದಲ ನೀವು ಯಾವಾಗರ ಒಮ್ಮೆ ಬರ್ತಿದ್ರಿ. ಈಗ ವಾರ ವಾರ ಬರಾಕತ್ತೀರಿ. ನೀವು ಬಂದ್ರ ಆಕಿ ಮನ್ಯಾಗ ಕೂಡ್ತಾಳ್ರಿ."

ಕಪಾಳಕ್ಕೆ ಹೊಡೆದಂತಾಯಿತು. ಅನ್ನಪೂರ್ಣ ಟೀಚರು ಒಂದೊಂದು ಸಲ ಫೋನ್ ಮಾಡಿದಾಗಲೂ ನಾನು ಎಲ್ಲಿದ್ದೆ? ಯಾವುದೋ ಕಚೇರಿಯ ಬಾಗಿಲಲ್ಲಿ ನಿಂತು ಆ ಹುಡುಗಿಯ ಕುರ್ಚಿಯನ್ನೇ ನೋಡಿ 'ಇದೆ' ಎಂದು ಗುರುತು ಹಾಕುತ್ತಿದ್ದೆ. ನನಗೆ ನನ್ನ ಮೇಲೇ ರೇಗಿತು, ನಾಚಿಕೆಯೂ ಆಯಿತು.

"ಜೀಪಿಗೆ ಹಾಕು ಅದನ್ನ," ಅಂದೆ. "ನಿಮ್ಮ ಸಾಹೇಬ ಕೇಳಿದ್ರ, ಅನುಮಾನದ ಅಕ್ಕ ಜಪ್ತಿ ಮಾಡ್ಯಾಳ ಅಂತ ಹೇಳು. ನಿನ್ನ ಕೆಲಸಕ್ಕ ಕೈ ಹಚ್ಚಿದ್ರ, ಈ ಕುರ್ಚಿ ಎಲ್ಲೆಲ್ಲಿ ತಿರುಗೇತಿ ಅಂತ ಜಿಲ್ಲಾಕ್ಕ ಕೇಳೂಹಂಗ ಒದರ್ತೀನಿ."

ಅದೇ ಜೀಪಿನಲ್ಲಿ ನಾನೂ ಭಾಗ್ಯನಗರಕ್ಕೆ ಹೋದೆ. ಕುರ್ಚಿಯನ್ನು ಕಂಡೊಡನೆ ಹುಲಗಮ್ಮ ಓಡಿಬಂದು, ಮೊದಲು ಸೀಟಿನ ಕೆಳಗೆ ಕೈಯಾಡಿಸಿ ಕವಡೆ ಇದೆಯೇ ಎಂದು ನೋಡಿಕೊಂಡಳು. ಸಿದ್ದಲಿಂಗೇಶ ಮಗಳನ್ನು ಎತ್ತಿ ಕೂಡಿಸಿದ. ಅಮೃತಾ ಬ್ರೇಕು ಬಿಟ್ಟು ಒಂದು ಸುತ್ತು ತಿರುಗಿ ನನ್ನೆದುರು ಬಂದು ನಿಂತಳು. ಅವಳ ಮುಖದಲ್ಲಿ ಖುಷಿ ಕಾಣಬಹುದೆಂದು ನಾನು ಕಾದೆ. ಕಂಡದ್ದು ಸಂಶಯ. ಅದು ನನ್ನದೇ ಸಂಶಯ, ಆ ಎಳೆಯ ಮುಖದ ಮೇಲೆ.

"ಅಕ್ಕಾ, ನಾಳೆ ನಿಮ್ದು ಎಲ್ಲಿ ತಪಾಸಣಿ ಐತ್ರಿ?"

"ಇಲ್ಲೇ ಕೊಪ್ಪಳದಾಗ. ಯಾಕಬೇ?"

"ಹಂಗಾರ ನಾಳೆ ನಾ ಕಾಲೇಜಿಗೆ ಬರಂಗಿಲ್ಲ ಅಂತ ಟೀಚರಿಗೆ ಈಗ ಹೇಳಿಬಿಡ್ರಿ. ಪಾಪ, ದಾರಿ ಕಾಯ್ತಾರ."

ನನ್ನ ಕಣ್ಣು ತುಂಬಿದವು. ಅವಳೆದುರು ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಚೀಲದಿಂದ ಫೋನ್ ತೆಗೆದು, ಮರುದಿನ ಹೋಗಬೇಕಿದ್ದ ಕಚೇರಿಗೇ ಹಚ್ಚಿದೆ. ಆ ಕಡೆಯವರು ಹಲೋ ಅನ್ನುವ ಮೊದಲೇ ಮಾತಾಡಿದೆ.

"ನಾಳೆ ನಾನು ಬರ್ತೀನ್ರಿ. ಕುರ್ಚಿ ಬರಂಗಿಲ್ಲ."